ಹಾಸನ ಸೀಮೆಯ ದೊಡ್ಡ ಸ್ವಾಮಿಯವರು: ಅಬ್ಬೆ ದ್ಯುಬುವಾ ಅವರ ಬದುಕು ಮತ್ತು ನಮ್ಮ ಧರ್ಮಕೇಂದ್ರಗಳ ಸೇವಾ ಯೋಜನೆ

ಪಾಲನಾ ಮಂಡಳಿಯ ಸಭೆಗಳಲ್ಲಿ ವರ್ಷಕ್ಕೊಮ್ಮೆಯಾದರೂ ಒಂದು ಪ್ರಶ್ನೆ ಏಳುತ್ತದೆ. ಈ ವರ್ಷ ನಮ್ಮ ಇಗರ್ಜಿಯ ಹೊರಗಿನ ಜನರಿಗಾಗಿ ಏನು ಮಾಡೋಣ? ಒಬ್ಬರು ವೈದ್ಯಕೀಯ ಶಿಬಿರ ಎನ್ನುತ್ತಾರೆ, ಇನ್ನೊಬ್ಬರು ಬಟ್ಟೆ ವಿತರಣೆ ಎನ್ನುತ್ತಾರೆ, ಮತ್ತೊಬ್ಬರು ವನಮಹೋತ್ಸವ ಎನ್ನುತ್ತಾರೆ. ದಿನ ಗೊತ್ತಾಗುತ್ತದೆ, ಬ್ಯಾನರ್ ಬರುತ್ತದೆ, ಕಾರ್ಯಕ್ರಮ ಚೆನ್ನಾಗಿಯೇ ನಡೆಯುತ್ತದೆ. ವರದಿಯಲ್ಲಿ ಇಷ್ಟು ಜನ ಭಾಗವಹಿಸಿದರು ಎಂದು ಬರೆಯುತ್ತೇವೆ. ಮರುವರ್ಷ ಅದೇ ಪ್ರಶ್ನೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ.

ನಮ್ಮ ಕರಾವಳಿಯ ದೊಡ್ಡ ಧರ್ಮಕೇಂದ್ರಗಳಿಗೆ ಇದು ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಜನವಿದ್ದಾರೆ, ಸಂಘಟನೆಗಳಿವೆ, ಹಣವೂ ಹೇಗೋ ಕೂಡುತ್ತದೆ. ಆದರೆ ಘಟ್ಟದ ಮೇಲೆ, ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿ, ಅರೇಹಳ್ಳಿ ಕಡೆಯ ಕಾಫಿ ಸೀಮೆಯಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಕ್ರೈಸ್ತ ಕುಟುಂಬಗಳು ಕಡಿಮೆ, ಮನೆಯಿಂದ ಮನೆಗೆ ದೂರ ಹೆಚ್ಚು. ತೋಟದ ಕೆಲಸ ಮುಗಿಸಿ ಬಂದವರಿಗೆ ಸಭೆಗೆ ಬರಲು ಬಿಡುವಿಲ್ಲ. ಅಂಥ ಕಡೆ ಒಂದು ಚಿಕ್ಕ ಧರ್ಮಕೇಂದ್ರವು ಸುತ್ತಲಿನ ಸಮಾಜಕ್ಕೆ ಹೇಗೆ ಪ್ರಯೋಜನಕ್ಕೆ ಬರಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಅದೇ ಹಾಸನ ಸೀಮೆಯಲ್ಲಿ ಇನ್ನೂರು ವರ್ಷಗಳ ಹಿಂದೆ ದುಡಿದ ಒಬ್ಬ ಗುರುವಿನ ಬದುಕನ್ನು ನೋಡುವುದು ಒಳ್ಳೆಯದೆಂದು ನಮಗೆ ತೋರಿತು. ಅವರೇ ಅಬ್ಬೆ ದ್ಯುಬುವಾ. ಅವರ ಹೆಸರನ್ನು ದುಬಾಯ್ ಎಂದೂ ಬರೆಯುವುದುಂಟು. ಮೈಸೂರು ಸೀಮೆಯ ಕ್ರೈಸ್ತರು ಅವರನ್ನು ಕರೆಯುತ್ತಿದ್ದುದು ದೊಡ್ಡ ಸ್ವಾಮಿಯವರು ಎಂದೇ.

ಫ್ರಾನ್ಸಿನಿಂದ ಭಾರತಕ್ಕೆ

ಜಾನ್ ಆಂತ್ವಾನ್ ದ್ಯುಬುವಾ ಅವರು ಹುಟ್ಟಿದ್ದು 1765ರಲ್ಲಿ, ದಕ್ಷಿಣ ಫ್ರಾನ್ಸಿನ ಆರ್ದೆಶ್ ಪ್ರದೇಶದ ಸೇಂಟ್ ರೆಮೇಜ್ ಎಂಬ ಹಳ್ಳಿಯಲ್ಲಿ. 1792ರಲ್ಲಿ ವಿವಿಯೇ ಧರ್ಮಪ್ರಾಂತ್ಯಕ್ಕೆ ಗುರುಗಳಾಗಿ ಅಭಿಷಿಕ್ತರಾದರು. ಅದು ಫ್ರಾನ್ಸಿನ ಮಹಾಕ್ರಾಂತಿಯ ಕಾಲ. ಧರ್ಮಸಭೆಯ ಆಸ್ತಿ ಮುಟ್ಟುಗೋಲಾಗಿತ್ತು, ಗುರುಗಳ ಜೀವಕ್ಕೇ ಅಪಾಯವಿತ್ತು. ಅದೇ ವರ್ಷ ಅವರು ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಮೂಲಕ ಭಾರತಕ್ಕೆ ಹೊರಟರು. ಮೊದಲಿಗೆ ಪಾಂಡಿಚೇರಿ ಮಿಷನ್ನಿಗೆ ಸೇರಿ ಮದ್ರಾಸ್ ಪ್ರಾಂತ್ಯದ ದಕ್ಷಿಣದ ಜಿಲ್ಲೆಗಳಲ್ಲಿ ಕೆಲಸ ಮಾಡಿದರು.

ಅವರು ಬಂದಾಗ ದಕ್ಷಿಣ ಭಾರತದ ಮಿಷನ್ ಕೆಲಸ ಬಹಳ ಸೊರಗಿತ್ತು. ಮೈಸೂರು ಸೀಮೆಯಲ್ಲಿ 17ನೇ ಶತಮಾನದ ಮಧ್ಯಭಾಗದಿಂದ ದುಡಿದಿದ್ದ ಯೇಸುಸಭೆಯನ್ನು 1773ರಲ್ಲಿ ಜಗದ್ಗುರುಗಳೇ ವಿಸರ್ಜಿಸಿದ್ದರು. 1776ರಲ್ಲಿ ಅವರ ಕೆಲಸ ಪ್ಯಾರಿಸ್ ಸಂಸ್ಥೆಯ ಕೈಗೆ ಬಂತು. ಅಷ್ಟರಲ್ಲಿ ಕ್ರಾಂತಿಯ ಕಾರಣ ಪ್ಯಾರಿಸಿನ ಸೆಮಿನರಿಯೇ ಮುಚ್ಚಿತು. ಹೊಸ ಗುರುಗಳು ಬರುವಂತಿಲ್ಲ, ಹಣ ಬರುವಂತಿಲ್ಲ. ಇರುವ ಬೆರಳೆಣಿಕೆಯ ಗುರುಗಳು ಒಬ್ಬೊಬ್ಬರೂ ಒಂದು ಜಿಲ್ಲೆಯಷ್ಟು ಸೀಮೆಯನ್ನು ನೋಡಿಕೊಳ್ಳಬೇಕಿತ್ತು. ನಮ್ಮಲ್ಲಿ ಜನ ಸಾಲದು, ದುಡ್ಡು ಸಾಲದು ಎಂದು ಇಂದು ಕೈಚೆಲ್ಲುವ ಮಂಡಳಿಗಳು ಈ ಹಿನ್ನೆಲೆಯನ್ನು ನೆನಪಿಟ್ಟುಕೊಳ್ಳಬೇಕು.

ಮೊದಲು ಜನರ ನಡುವೆ ವಾಸ

ದ್ಯುಬುವಾ ಅವರು ಬಂದೊಡನೆ ಯಾವ ಯೋಜನೆಯನ್ನೂ ಘೋಷಿಸಲಿಲ್ಲ. ಯುರೋಪಿಯನ್ನರ ಸಹವಾಸವನ್ನು ಆದಷ್ಟು ಬಿಟ್ಟರು. ಈ ನೆಲದ ಉಡುಪು ತೊಟ್ಟರು. ನಿಲುವಂಗಿ, ತಲೆಗೆ ಮುಂಡಾಸು, ಕೈಯಲ್ಲಿ ಬಿದಿರಿನ ಕೋಲು. ಮಾಂಸಾಹಾರ ಬಿಟ್ಟು ಇಲ್ಲಿಯವರಂತೆ ಅನ್ನ, ತರಕಾರಿ ಉಂಡರು. ಜನರ ಮಾತನ್ನು ಕಲಿತರು. ಅವರ ಮದುವೆ, ಸಾವು, ಮೈಲಿಗೆ, ಮಡಿ, ಜಾತಿ ಕಟ್ಟಳೆ, ಹಬ್ಬ ಹರಿದಿನ ಎಲ್ಲವನ್ನೂ ಗಮನಿಸಿ ಬರೆದಿಟ್ಟುಕೊಂಡರು.

ಈ ಬರಹವೇ ಮುಂದೆ ಅವರ ಹೆಸರನ್ನು ಜಗತ್ತಿಗೆ ತಿಳಿಸಿತು. ಹಿಂದೂಗಳ ನಡೆನುಡಿ, ಆಚಾರ, ವಿಧಿಗಳನ್ನು ಕುರಿತ ಅವರ ಫ್ರೆಂಚ್ ಹಸ್ತಪ್ರತಿಯನ್ನು ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಮೆಚ್ಚಿ ಶಿಫಾರಸು ಮಾಡಿದರು. 1807ರಲ್ಲಿ ಮದ್ರಾಸಿನ ಗವರ್ನರ್ ವಿಲಿಯಂ ಬೆಂಟಿಂಕ್ ಅದನ್ನು ಈಸ್ಟ್ ಇಂಡಿಯಾ ಕಂಪನಿಗಾಗಿ 2000 ವರಹಗಳಿಗೆ ಕೊಂಡರು. 1816ರಲ್ಲಿ ಇಂಗ್ಲಿಷಿನಲ್ಲಿಯೂ, 1825ರಲ್ಲಿ ತಿದ್ದಿದ ರೂಪದಲ್ಲಿ ಫ್ರೆಂಚಿನಲ್ಲಿಯೂ ಅದು ಅಚ್ಚಾಯಿತು.

ಇಲ್ಲಿ ಒಂದು ಸತ್ಯವನ್ನು ಮುಚ್ಚಿಡಬಾರದು. ಆ ಗ್ರಂಥದ ಬಹುಭಾಗ ದ್ಯುಬುವಾ ಅವರದೇ ಶೋಧನೆಯಲ್ಲ. ಅವರಿಗಿಂತ ಮೊದಲು ಆಂಧ್ರ ಹಾಗೂ ಪಾಂಡಿಚೇರಿಯಲ್ಲಿ ದುಡಿದ ಯೇಸುಸಭೆಯ ಗುರು ಗಾಸ್ತೋ ಲೊರಾಂ ಕೇರ್ದೂ ಅವರ ಬರಹವನ್ನು ಅದು ಆಧರಿಸಿದೆ ಎಂದು ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮುರ್ 1987ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ತೋರಿಸಿದ್ದಾರೆ. ಕೇರ್ದೂ ಅವರ ಹೆಸರು ಗ್ರಂಥದಲ್ಲಿ ಕಾಣಿಸಲಿಲ್ಲ. ಹಾಗೆಯೇ ಬ್ರಾಹ್ಮಣರ ಬಗ್ಗೆಯೂ ದಲಿತರ ಬಗ್ಗೆಯೂ ಆ ಗ್ರಂಥದಲ್ಲಿರುವ ಕೆಲವು ಮಾತುಗಳು ಕಠೋರವಾಗಿವೆ. ಇಂದಿನ ಧರ್ಮಸಭೆ ಅವನ್ನು ಒಪ್ಪಲಾರದು. ಜಾತಿಯ ಕಟ್ಟಳೆ ಸಮಾಜವನ್ನು ಹಿಡಿದಿಟ್ಟಿದೆ ಎಂದು ಅವರು ನಂಬಿದ್ದರು. ಆ ಕಟ್ಟಳೆಯಲ್ಲಿ ಕೆಳಗೆ ಬಿದ್ದವರ ನೋವು ಅವರಿಗೆ ಪೂರ್ತಿ ಕಾಣಲಿಲ್ಲ. ಹಿರಿಯರ ಬದುಕಿನಿಂದ ಕಲಿಯುವುದೆಂದರೆ ಅವರ ಒಳಿತನ್ನೂ ಕೊರತೆಯನ್ನೂ ಜೊತೆಯಾಗಿ ನೋಡುವುದು.

ಆದರೂ ಮೊದಲು ಜನರನ್ನು ಅರಿಯಬೇಕು ಎಂಬ ಅವರ ಕ್ರಮ ಸರಿಯಾದುದೇ. ಅದರ ಫಲ ಶ್ರೀರಂಗಪಟ್ಟಣದಲ್ಲಿ ಕಾಣಿಸಿತು.

ಚದುರಿದ ಮಂದೆ

ಕರಾವಳಿಯ ನಮ್ಮ ಓದುಗರಿಗೆ ಆ ಕಾಲದ ಕಥೆ ಮನೆಯ ಕಥೆಯೇ. ಎರಡನೆಯ ಆಂಗ್ಲೋ ಮೈಸೂರು ಯುದ್ಧದಲ್ಲಿ ಬ್ರಿಟಿಷರಿಗೆ ನೆರವಾದರೆಂಬ ಆರೋಪದ ಮೇಲೆ 1784ರಲ್ಲಿ ಟಿಪ್ಪು ಸುಲ್ತಾನರು ಕೆನರಾದ ಕ್ಯಾಥೋಲಿಕರನ್ನು ಸೆರೆಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಸೆರೆಹೋದವರ ಸಂಖ್ಯೆ 60,000 ಎಂದು ದ್ಯುಬುವಾ ಬರೆದಿದ್ದಾರೆ. ಈ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆದರೆ ದಾರಿಯಲ್ಲಿ, ಸೆರೆಯಲ್ಲಿ, ರೋಗದಲ್ಲಿ ಬಹಳ ಮಂದಿ ಸತ್ತರು, ಇಗರ್ಜಿಗಳು ನೆಲಸಮವಾದವು ಎಂಬುದರಲ್ಲಿ ಅನುಮಾನವಿಲ್ಲ. ಹಲವರು ಬಲವಂತದ ಮತಾಂತರಕ್ಕೆ ಒಳಗಾದರು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಸೆರೆಯಿಂದ ಬಿಡುಗಡೆಯಾದವರಲ್ಲಿ ಅನೇಕರು ಕರಾವಳಿಗೆ ಮರಳಿದರು. ಆಗ ಕೆನರಾದ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ ಅವರ ಕಾಲದಲ್ಲಿ ಹಲವರಿಗೆ ಜಮೀನು ಹಿಂದಿರುಗಿತು. ಆದರೆ ಎಲ್ಲರೂ ಮರಳಲಿಲ್ಲ. ಮೈಸೂರು ಸೀಮೆಯಲ್ಲೇ ಉಳಿದವರಿದ್ದರು. ಆ ಸೀಮೆಯ ಮೂಲ ಕ್ರೈಸ್ತರೂ ಇದ್ದರು. ಅವರಿಗೆ ಇಗರ್ಜಿ ಇರಲಿಲ್ಲ, ಗುರುಗಳಿರಲಿಲ್ಲ, ಉಳಲು ನೆಲವಿರಲಿಲ್ಲ. ಮುಂದೆ ವೆಲಿಂಗ್ಟನ್ ಡ್ಯೂಕ್ ಎಂದು ಹೆಸರಾದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಅವರ ಸಲಹೆಯ ಮೇರೆಗೆ ದ್ಯುಬುವಾ ಅವರನ್ನು ಅಲ್ಲಿಗೆ ಕರೆಸಲಾಯಿತೆಂದು ಹೇಳಲಾಗುತ್ತದೆ.

ಅಲ್ಲಿ ಅವರ ಮುಂದಿದ್ದ ಮೊದಲ ಪ್ರಶ್ನೆ ಸುಲಭದ್ದಾಗಿರಲಿಲ್ಲ. ಹದಿನೈದು ವರ್ಷ ಬೇರೆ ಧರ್ಮದ ಹೆಸರಿನಲ್ಲಿ ಬದುಕಿದವರನ್ನು ಹೇಗೆ ಕಾಣಬೇಕು? ಭಯದಿಂದ ಬಿಟ್ಟವರನ್ನು ದ್ರೋಹಿಗಳೆಂದು ಹೊರಗಿಡಬಹುದಿತ್ತು. ದ್ಯುಬುವಾ ಅವರು ಹಾಗೆ ಮಾಡಲಿಲ್ಲ. ಮರಳಿ ಬರಬಯಸಿದವರನ್ನು ಮತ್ತೆ ಸಭೆಗೆ ಸೇರಿಸಿಕೊಂಡರು. ಶ್ರೀರಂಗಪಟ್ಟಣದ ಸುತ್ತ, ಪಾಲಹಳ್ಳಿಯಲ್ಲಿ, ಮೈಸೂರಿನಲ್ಲಿ ಚದುರಿದ್ದವರನ್ನು ಒಟ್ಟುಗೂಡಿಸಿದರು. ಮೈಸೂರು ನಗರದ ಧರ್ಮಸಭೆಗೆ ಅಡಿಪಾಯ ಹಾಕಿದವರು ಅವರೇ ಎಂದು ಬ್ರಿಟಿಷ್ ಕಾಲದ ಮೈಸೂರು ಗೆಜೆಟಿಯರ್ ದಾಖಲಿಸಿದೆ.

ಇಂದು ನಮ್ಮ ಧರ್ಮಕೇಂದ್ರಗಳಲ್ಲಿಯೂ ದೂರ ಸರಿದ ಕುಟುಂಬಗಳಿವೆ. ಮದುವೆಯ ತೊಡಕಿನಿಂದಲೋ, ವಂತಿಗೆ ಬಾಕಿಯ ಅವಮಾನದಿಂದಲೋ, ಯಾವುದೋ ಹಳೆಯ ಜಗಳದಿಂದಲೋ ಪೂಜೆಗೆ ಬರುವುದನ್ನು ಬಿಟ್ಟವರಿದ್ದಾರೆ. ಹೊರಗಿನವರನ್ನು ತಲುಪುವ ಮೊದಲು ನಮ್ಮ ಅಂಗಳದಿಂದ ಹೊರಗೆ ಹೋದವರನ್ನು ತಲುಪಬೇಕು. ಅವರ ಮನೆಗೆ ಹೋಗಿ ವಿಚಾರಣೆ ಮಾಡದೆ, ಕ್ಷೇಮ ಕೇಳಿ ಬರುವುದೇ ಮೊದಲ ಹೆಜ್ಜೆ.

ಕಾಲ ಕೆಳಗೆ ನೆಲ

ಪ್ರಾರ್ಥನೆಗೆ ಸೇರಿಸಿದ ಮಾತ್ರಕ್ಕೆ ಸಮುದಾಯ ನಿಲ್ಲುವುದಿಲ್ಲ ಎಂಬುದು ದ್ಯುಬುವಾ ಅವರಿಗೆ ಬೇಗನೆ ತಿಳಿಯಿತು. ಭೂಮಿಯಿಲ್ಲದವನು ಕೂಲಿ ಹುಡುಕಿಕೊಂಡು ಊರೂರು ಅಲೆಯುತ್ತಾನೆ. ಅಲೆಯುವವನ ಮಕ್ಕಳಿಗೆ ಶಾಲೆಯಿಲ್ಲ, ಜಪತಪ ಕಲಿಸುವವರಿಲ್ಲ. ಕಾಯಿಲೆಯಾದರೆ ನೋಡುವ ನೆರೆಯವರೂ ಇಲ್ಲ. ಆದ್ದರಿಂದ ಅವರು ಕ್ರೈಸ್ತ ಕುಟುಂಬಗಳಿಗಾಗಿ ಬೇಸಾಯದ ನೆಲೆಗಳನ್ನು ಸ್ಥಾಪಿಸಿದರು. ಇವುಗಳಲ್ಲಿ ಹೆಸರಾದುದು ಹಾಸನದ ಬಳಿಯ ಸಾತಳ್ಳಿ.

ಸಹಾಯಧನ ಕೊಡುವುದಕ್ಕೂ ಬೇಸಾಯಕ್ಕೆ ನೆಲೆ ಮಾಡಿಕೊಡುವುದಕ್ಕೂ ಇರುವ ವ್ಯತ್ಯಾಸವನ್ನು ನಾವು ಗಮನಿಸಬೇಕು. ಧಾನ್ಯ ಹಂಚಿದರೆ ಆ ತಿಂಗಳು ಹೊಟ್ಟೆ ತುಂಬುತ್ತದೆ. ಕೆರೆಯ ನೀರು, ಗದ್ದೆ, ಒಂದು ಜೊತೆ ಎತ್ತು ಇದ್ದರೆ ಆ ಕುಟುಂಬ ಮರುವರ್ಷ ಯಾರ ಮುಂದೆಯೂ ಕೈಚಾಚುವುದಿಲ್ಲ. ಗುರುಗಳು ವರ್ಷಕ್ಕೆ ಒಂದೆರಡು ಸಲ ಮಾತ್ರ ಬರಬಹುದಾದ ಆ ಕಾಲದಲ್ಲಿ ಹಳ್ಳಿಯಲ್ಲಿ ನೆಲೆನಿಂತ ಕುಟುಂಬಗಳೂ ಉಪದೇಶಿಗಳೂ ಇಲ್ಲದಿದ್ದರೆ ವಿಶ್ವಾಸ ಉಳಿಯುತ್ತಲೇ ಇರಲಿಲ್ಲ.

ಹಾಸನದ ಸುತ್ತ ಆ ವಿಶ್ವಾಸ ಉಳಿದು ಬೆಳೆಯಿತು. ದ್ಯುಬುವಾ ಅವರ ನಂತರ ಬಂದ ಫ್ರೆಂಚ್ ಗುರುಗಳು ಶೆಟ್ಟಿಹಳ್ಳಿಯಲ್ಲಿ 19ನೇ ಶತಮಾನದಲ್ಲಿ ಕಟ್ಟಿಸಿದ ಗೋಥಿಕ್ ಶೈಲಿಯ ದೇವಾಲಯವನ್ನು ನಮ್ಮ ಓದುಗರಲ್ಲಿ ಅನೇಕರು ನೋಡಿರಬಹುದು. ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುವ ಆ ಪಾಳು ಕಟ್ಟಡಕ್ಕೆ ಇಂದು ಪ್ರವಾಸಿಗರು ಬರುತ್ತಾರೆ. ಅಣೆಕಟ್ಟಿಗಾಗಿ ಊರು ಬಿಟ್ಟ ಜನ ಬೇರೆಡೆ ನೆಲೆನಿಂತರು. ಕಟ್ಟಡ ನೀರಿಗೆ ಹೋದರೂ ಸಮುದಾಯ ನೀರಿಗೆ ಹೋಗಲಿಲ್ಲ.

ಸಿಡುಬಿನ ವಿರುದ್ಧ ಮನೆಮನೆಗೆ

ದ್ಯುಬುವಾ ಅವರ ಬದುಕಿನಲ್ಲಿ ನಮ್ಮ ವಿಷಯಕ್ಕೆ ಅತ್ಯಂತ ಹತ್ತಿರವಾದುದು ಸಿಡುಬಿನ ವಿರುದ್ಧ ಅವರು ಮಾಡಿದ ಕೆಲಸ. ಅಂದು ಸಿಡುಬು ಹಳ್ಳಿಗೆ ಬಂದರೆ ಮನೆಗಳೇ ಖಾಲಿಯಾಗುತ್ತಿದ್ದವು. ಬದುಕುಳಿದವರಲ್ಲಿ ಎಷ್ಟೋ ಮಂದಿಯ ಕಣ್ಣು ಹೋಗುತ್ತಿತ್ತು. ಜನ ಅದನ್ನು ಅಮ್ಮನೆಂದು ಕರೆದು ದೇವಿಯ ಮುನಿಸೆಂದು ಭಾವಿಸುತ್ತಿದ್ದರು. ಮೈಮೇಲೆ ಬಂದ ದೇವಿಯನ್ನು ಮದ್ದಿನಿಂದ ಓಡಿಸುವುದು ಅಪಚಾರವೆಂಬ ಭಯವಿತ್ತು.

ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ 1796ರಲ್ಲಿ ದನದ ಸಿಡುಬಿನ ಕೀವನ್ನು ಮನುಷ್ಯನ ತೋಳಿಗೆ ಹಾಕಿದರೆ ದೊಡ್ಡ ಸಿಡುಬು ತಾಗದೆಂದು ತೋರಿಸಿದ್ದರು. ಭಾರತದಲ್ಲಿ ಈ ಲಸಿಕೆಯನ್ನು ಮೊದಲು ಹಾಕಿದ್ದು 1802ರ ಜೂನ್ 14ರಂದು, ಮುಂಬಯಿಯಲ್ಲಿ, ಮೂರು ವರ್ಷದ ಒಂದು ಮಗುವಿಗೆ. ಮರುವರ್ಷವೇ ದ್ಯುಬುವಾ ಅವರು ಮೈಸೂರು ಸೀಮೆಯಲ್ಲಿ ಈ ಕೆಲಸಕ್ಕೆ ಇಳಿದರು. 1803 ಮತ್ತು 1804ರಲ್ಲಿ ಲಸಿಕೆ ಪಡೆದವರ ಸಂಖ್ಯೆ 25,432 ಎಂದು ದಾಖಲೆಯಿದೆ.

ಈ ಅಂಕಿಯ ಹಿಂದಿನ ಶ್ರಮವನ್ನು ತಿಳಿಯಬೇಕಾದರೆ ಅಂದಿನ ವಿಧಾನ ತಿಳಿಯಬೇಕು. ಆಗ ಶೀತಲ ಪೆಟ್ಟಿಗೆಯಿರಲಿಲ್ಲ. ಮದ್ದನ್ನು ಬಾಟಲಿಯಲ್ಲಿ ಹೊತ್ತು ತರುವಂತಿರಲಿಲ್ಲ. ಬಿಸಿಲಿಗೆ ಅದು ಬೇಗ ಕೆಡುತ್ತಿತ್ತು. ಒಬ್ಬ ಮಗುವಿನ ತೋಳಿಗೆ ಹಾಕಿದರೆ ಸುಮಾರು ಎಂಟು ದಿನಕ್ಕೆ ಅಲ್ಲಿ ಗುಳ್ಳೆ ಏಳುತ್ತಿತ್ತು. ಆ ಗುಳ್ಳೆಯ ರಸವನ್ನು ತೆಗೆದು ಮುಂದಿನ ಮಕ್ಕಳ ತೋಳಿಗೆ ಹಾಕಬೇಕಿತ್ತು. ಅಂದರೆ ತೋಳಿನಿಂದ ತೋಳಿಗೆ, ಹಳ್ಳಿಯಿಂದ ಹಳ್ಳಿಗೆ ಸರಪಳಿ ಕಡಿಯದೆ ಸಾಗಬೇಕು. ಒಂದು ವಾರ ತಡವಾದರೆ ಸರಪಳಿ ಕಡಿಯಿತು, ಮತ್ತೆ ದೂರದಿಂದ ಹೊಸ ಮದ್ದು ತರಿಸಬೇಕು. ಎಂಟನೇ ದಿನ ಅದೇ ಮನೆಗೆ ಹೋಗಿ ತಾಯಿಯ ಒಪ್ಪಿಗೆ ಪಡೆದು ಮಗುವಿನ ತೋಳಿನಿಂದ ರಸ ತೆಗೆಯಬೇಕು. ಯಾರಿಗೆ ಯಾವ ದಿನ ಹಾಕಿದೆ, ಗುಳ್ಳೆ ಎದ್ದಿತೇ ಇಲ್ಲವೇ ಎಂಬ ಲೆಕ್ಕ ಬೇಕು. ಒಂದು ದಿನ ಬಂದು ಹೋಗುವ ಶಿಬಿರದಿಂದ ಇದು ಸಾಧ್ಯವೇ ಇಲ್ಲ. ಮತ್ತೆ ಬರುತ್ತೇನೆ ಎಂದವನು ಹೇಳಿದ ದಿನ ಬಂದರೆ ಮಾತ್ರ ಸಾಧ್ಯ.

ಇನ್ನೊಂದು ಕಷ್ಟವೂ ಇತ್ತು. ಬೇರೆ ಜಾತಿಯ ಮಗುವಿನ ತೋಳಿನ ರಸವನ್ನು ತನ್ನ ಮಗುವಿಗೆ ಹಾಕಿಸಲು ಎಷ್ಟು ಮಂದಿ ಒಪ್ಪಿಯಾರು? ಅಪರಿಚಿತನೊಬ್ಬ ಬಂದು ಕತ್ತಿಯಿಂದ ತೋಳು ಗೀರುತ್ತೇನೆಂದರೆ ಯಾವ ತಾಯಿ ಮಗುವನ್ನು ಕೊಟ್ಟಾಳು? ಜನರ ನಡುವೆ ಅವರಂತೆ ಉಟ್ಟು, ಅವರಂತೆ ಉಂಡು, ಅವರ ಭಯಗಳನ್ನು ಅರಿತಿದ್ದವರಿಗೆ ಈ ಬಾಗಿಲುಗಳು ತೆರೆದವು ಎಂದು ನಮಗನಿಸುತ್ತದೆ. ದಿವಾನ್ ಪೂರ್ಣಯ್ಯನವರ ಆಡಳಿತವಿದ್ದ ಆ ವರ್ಷಗಳಲ್ಲಿ ಮೈಸೂರು ಅರಮನೆಯೂ ಲಸಿಕೆಗೆ ಬೆಂಬಲವಾಗಿ ನಿಂತಿತ್ತು. ಸುಮಾರು 1805ರ ಒಂದು ವರ್ಣಚಿತ್ರದಲ್ಲಿ ಮೈಸೂರಿನ ಕಿರಿಯ ರಾಣಿಯೊಬ್ಬರು ಲಸಿಕೆ ಹಾಕಿದ ತೋಳನ್ನು ತೋರಿಸುತ್ತಿರುವುದಾಗಿ ಇತಿಹಾಸಕಾರರು ಗುರುತಿಸಿದ್ದಾರೆ. ಆಳುವವರು, ಅಧಿಕಾರಿಗಳು, ಹಳ್ಳಿಯ ಗುರುಗಳು ಎಲ್ಲರೂ ಒಂದೇ ಕೆಲಸಕ್ಕೆ ಕೈಜೋಡಿಸಿದ್ದರು.

ಇವೆಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. 25,432 ಜನರೆಲ್ಲ ಕ್ರೈಸ್ತರಾಗಿರಲು ಸಾಧ್ಯವಿಲ್ಲ. ಆ ಸೀಮೆಯಲ್ಲಿ ಅಷ್ಟು ಕ್ರೈಸ್ತರೇ ಇರಲಿಲ್ಲ. ಸಿಡುಬು ಜಾತಿ ಧರ್ಮ ನೋಡದು. ಮದ್ದೂ ನೋಡಲಿಲ್ಲ.

ತಮ್ಮನ್ನು ತಾವೇ ಸೋತವರೆಂದುಕೊಂಡ ಗುರು

1823ರ ಜನವರಿಯಲ್ಲಿ ದ್ಯುಬುವಾ ಅವರು ಭಾರತ ಬಿಟ್ಟರು. ಬಂದು 31 ವರ್ಷವಾಗುತ್ತ ಬಂದಿತ್ತು. ಈಸ್ಟ್ ಇಂಡಿಯಾ ಕಂಪನಿ ಅವರಿಗೆ ನಿವೃತ್ತಿ ವೇತನ ಕೊಟ್ಟಿತು. ಅದೇ ವರ್ಷ ಲಂಡನ್ನಿನಲ್ಲಿ ಭಾರತದ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಅವರ ಪತ್ರಗಳ ಸಂಪುಟ ಪ್ರಕಟವಾಯಿತು. ಅದನ್ನು ಓದಿದವರಿಗೆ ಆಘಾತವಾಯಿತು. ಈ ದೇಶದಲ್ಲಿ ಸುವಾರ್ತಾ ಕಾರ್ಯ ಫಲ ಕೊಡುವ ಕಾಲ ಮುಗಿದಿದೆ ಎಂದು ಅವರು ಬರೆದಿದ್ದರು. 25 ವರ್ಷಗಳಲ್ಲಿ ತಾವು ಹೊಸದಾಗಿ ಧರ್ಮಕ್ಕೆ ಸೇರಿಸಿದವರು 200ರಿಂದ 300 ಮಂದಿ ಮಾತ್ರ ಎಂದು ಲೆಕ್ಕ ಕೊಟ್ಟಿದ್ದರು. ಅವರಲ್ಲೂ ಮೂರರಲ್ಲಿ ಎರಡು ಪಾಲು ದಲಿತರು, ಭಿಕ್ಷುಕರು, ಉಳಿದವರಲ್ಲಿ ಹೆಚ್ಚಿನವರು ದಿಕ್ಕಿಲ್ಲದವರು ಎಂದು ಬೇಸರದಿಂದ ಹೇಳಿದ್ದರು. ಪ್ರೊಟೆಸ್ಟಂಟ್ ಮಿಷನರಿಗಳು ಇದನ್ನು ಸಹಿಸಲಿಲ್ಲ. ಜೇಮ್ಸ್ ಹಫ್ ಎಂಬ ಪಾದ್ರಿ 1824ರಲ್ಲಿ ಅವರಿಗೆ ಉತ್ತರವಾಗಿ ಒಂದು ಪುಸ್ತಕವನ್ನೇ ಬರೆದರು.

ದ್ಯುಬುವಾ ಅವರ ಪ್ರಾಮಾಣಿಕತೆಯನ್ನು ನಾವು ಮೆಚ್ಚಬೇಕು. ಸುಳ್ಳು ಲೆಕ್ಕ ಬರೆದು ಯುರೋಪಿನಿಂದ ಹಣ ತರಿಸುವುದು ಅವರಿಗೆ ಕಷ್ಟವಾಗಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಆದರೆ ಅವರು ಎಣಿಸಿದ ರೀತಿಯನ್ನು ನಾವು ಒಪ್ಪಲಾರೆವು. ಒಂದು ಕಡೆ 300, ಇನ್ನೊಂದು ಕಡೆ 25,432. ಮೊದಲನೆಯದನ್ನು ಮಾತ್ರ ಎಣಿಸಿ ಅವರು ತಾವು ಸೋತೆವೆಂದುಕೊಂಡರು. ಸಿಡುಬಿನಿಂದ ಪಾರಾದ ಆ ಮಕ್ಕಳು ಬೆಳೆದು ಮದುವೆಯಾಗಿ ಮನೆ ಮಾಡಿದ್ದು ಅವರ ಲೆಕ್ಕದ ಪುಸ್ತಕದಲ್ಲಿ ಬರಲಿಲ್ಲ. ಬಡವರು, ಭಿಕ್ಷುಕರು, ದಿಕ್ಕಿಲ್ಲದವರು ಬಂದದ್ದನ್ನು ಸೋಲೆಂದು ಬಗೆದದ್ದಂತೂ ಶುಭಸಂದೇಶದ ಬೆಳಕಿನಲ್ಲಿ ನಿಲ್ಲದು. ಹಬ್ಬದೂಟಕ್ಕೆ ಮೊದಲು ಕರೆಯಬೇಕಾದವರು ಅಂಥವರೇ ಅಲ್ಲವೇ?

ಇತಿಹಾಸವೂ ಬೇರೆ ತೀರ್ಪು ಕೊಟ್ಟಿತು. 1850ರಲ್ಲಿ ಮೈಸೂರು ಪ್ರತ್ಯೇಕ ಅಪೋಸ್ತಲಿಕ ವಿಕಾರಿಯೇಟ್ ಆಯಿತು, ಬಿಷಪ್ ಶಾರ್ಬೊನೋ ಅದರ ಮೊದಲ ಅಧಿಪತಿಯಾದರು. ಮುಂದೆ ಮೈಸೂರು ಧರ್ಮಪ್ರಾಂತ್ಯವಾಯಿತು. ಅದರಿಂದ ಬೇರ್ಪಟ್ಟು 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯ ಹುಟ್ಟಿತು. ಹಾಸನ ಜಿಲ್ಲೆ, ಅದರೊಳಗಿನ ಬೇಲೂರು ಸೀಮೆ ಇಂದು ಆ ಧರ್ಮಪ್ರಾಂತ್ಯಕ್ಕೆ ಸೇರಿವೆ. ಸಿಡುಬು ಭಾರತದಲ್ಲಿ ಕೊನೆಯದಾಗಿ ಕಾಣಿಸಿಕೊಂಡದ್ದು 1975ರಲ್ಲಿ. 1980ರಲ್ಲಿ ಜಗತ್ತಿನಿಂದಲೇ ಅದು ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು.

ಪ್ಯಾರಿಸಿಗೆ ಮರಳಿದ ದ್ಯುಬುವಾ ಅವರು ವಿದೇಶಿ ಮಿಷನ್ ಸೆಮಿನರಿಯಲ್ಲಿ ಹೊಸ ಗುರುಗಳನ್ನು ತಯಾರು ಮಾಡುವ ಕೆಲಸದಲ್ಲಿ ತೊಡಗಿದರು. 1836ರಿಂದ 1839ರವರೆಗೆ ಅದರ ಮುಖ್ಯಸ್ಥರಾಗಿದ್ದರು. ಪಂಚತಂತ್ರದ ಕಥೆಗಳನ್ನು ಫ್ರೆಂಚಿಗೆ ತಂದರು. ಕೆಲಸ ಸೋತಿತೆಂದು ಬರೆದವರೇ ಅದೇ ಕೆಲಸಕ್ಕೆ ಯುವಕರನ್ನು ಸಿದ್ಧಗೊಳಿಸುತ್ತ ಉಳಿದ ಆಯುಷ್ಯ ಕಳೆದದ್ದು ಗಮನಿಸಬೇಕಾದ ಸಂಗತಿ. 1848ರ ಫೆಬ್ರವರಿ 17ರಂದು ಅವರು ತೀರಿಕೊಂಡರು.

ಗೆಂಡೆಹಳ್ಳಿಯಂಥ ಊರಿಗೆ ಇದರಿಂದ ಏನು?

ಈ ಬದುಕನ್ನು ಮುಂದಿಟ್ಟುಕೊಂಡು ಘಟ್ಟದ ಮೇಲಿನ ಚಿಕ್ಕ ಧರ್ಮಕೇಂದ್ರಗಳ ಮಂಡಳಿಗಳಿಗೂ, ಅಲ್ಲಿ ಸೇವೆಗೆಂದು ಕರಾವಳಿಯಿಂದ ಹೋಗುವ ನಮ್ಮ ಯುವಜನರಿಗೂ ಕೆಲವು ಮಾತುಗಳನ್ನು ಸೂಚಿಸಬಯಸುತ್ತೇವೆ.

ಮೊದಲನೆಯದು, ಯೋಜನೆಗೆ ಮುಂಚೆ ಭೇಟಿ. ಒಂದು ವರ್ಷ ಯಾವ ಕಾರ್ಯಕ್ರಮವೂ ಇಲ್ಲದಿದ್ದರೂ ಪರವಾಗಿಲ್ಲ. ಇಬ್ಬಿಬ್ಬರಾಗಿ ಹೋಗಿ ಸುತ್ತಲಿನ ಪ್ರತಿ ಹಳ್ಳಿ, ಪ್ರತಿ ತೋಟದ ಲೈನ್ ಮನೆಗಳನ್ನು ನೋಡಿ ಬರಬೇಕು. ಕಾಫಿ ಸೀಮೆಯ ಲೈನ್ ಮನೆಗಳಲ್ಲಿ ಇಂದು ಸ್ಥಳೀಯರ ಜೊತೆಗೆ ಅಸ್ಸಾಂ ಮೊದಲಾದ ದೂರದ ರಾಜ್ಯಗಳಿಂದ ಬಂದ ಕಾರ್ಮಿಕರೂ ಇದ್ದಾರೆ. ಅವರಲ್ಲಿ ಕನ್ನಡ ಬಾರದವರು ಬಹಳ. ಆಸ್ಪತ್ರೆಯಲ್ಲಿ, ಪಡಿತರ ಅಂಗಡಿಯಲ್ಲಿ, ಶಾಲೆಯಲ್ಲಿ ಅವರಿಗೆ ಮಾತನಾಡಿಕೊಡುವವರು ಬೇಕು. ಈ ಅಗತ್ಯ ಕಚೇರಿಯಲ್ಲಿ ಕುಳಿತು ತಿಳಿಯುವಂಥದ್ದಲ್ಲ.

ಎರಡನೆಯದು, ಜನರ ಪಂಚಾಂಗಕ್ಕೆ ನಮ್ಮ ಪಂಚಾಂಗ ಹೊಂದಬೇಕು. ನವೆಂಬರಿನಿಂದ ಫೆಬ್ರವರಿ, ಮಾರ್ಚ್ ತನಕ ಕಾಫಿ ಕೊಯ್ಲು. ಆಗ ಕೆಲಸದ ದಿನ ಶಿಬಿರ ಇಟ್ಟರೆ ವೈದ್ಯರು ಮಾತ್ರ ಇರುತ್ತಾರೆ, ಜನ ಇರುವುದಿಲ್ಲ. ಬಟವಾಡೆಯ ದಿನ, ಸಂತೆಯ ದಿನ ಕೇಳಿಕೊಂಡು ದಿನ ಗೊತ್ತುಮಾಡಬೇಕು. ಆ ಭಾಗದಲ್ಲಿ ಕಾಡಾನೆಗಳ ಹಾವಳಿಯಿಂದ ಜೀವಗಳೇ ಹೋಗಿವೆ. ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ನಡೆದು ಬರಲು ಜನ ಹೆದರುತ್ತಾರೆ. ಸಂಜೆ ಏಳಕ್ಕೆ ಕೂಟವಿಟ್ಟು ಯಾರೂ ಬರಲಿಲ್ಲವೆಂದು ದೂರುವುದು ನ್ಯಾಯವಲ್ಲ. ಕೂಟವೇ ಅವರ ಲೈನ್ ಮನೆಯ ಅಂಗಳಕ್ಕೆ, ಬೆಳಕಿರುವಾಗ ಹೋಗಬೇಕು.

ಮೂರನೆಯದು, ಒಂದೇ ಕೆಲಸ, ಆದರೆ ಬಿಡದೆ. ಹತ್ತು ಕಾರ್ಯಕ್ರಮಗಳಿಗಿಂತ ಮೂರು ವರ್ಷ ನಿಲ್ಲಿಸದೆ ಮಾಡುವ ಒಂದು ಕೆಲಸ ದೊಡ್ಡದು. ರಕ್ತದೊತ್ತಡ, ಸಕ್ಕರೆ ಕಾಯಿಲೆ ತಪಾಸಣೆ ಎಂದರೆ ಒಂದು ಭಾನುವಾರ ಯಂತ್ರ ಹಿಡಿದು ಕುಳಿತುಕೊಳ್ಳುವುದಲ್ಲ. ಕಾಯಿಲೆ ಇದೆ ಎಂದು ಗೊತ್ತಾದವರು ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ತಿಂಗಳು ತಿಂಗಳು ಕೇಳುವುದು. ದ್ಯುಬುವಾ ಅವರ ಕಾಲದ ಎಂಟನೇ ದಿನದ ಭೇಟಿಯನ್ನು ನೆನಪಿಟ್ಟುಕೊಳ್ಳೋಣ. ಎರಡನೇ ಭೇಟಿಗೆ ಜನವಿಲ್ಲದಿದ್ದರೆ ಮೊದಲನೇ ಭೇಟಿಯ ಭರವಸೆ ಕೊಡಬಾರದು.

ನಾಲ್ಕನೆಯದು, ಊರಿನವರ ಜೊತೆ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಗ್ರಾಮ ಪಂಚಾಯಿತಿ ಸದಸ್ಯರು, ತೋಟದ ರೈಟರ್, ಮೇಸ್ತ್ರಿ ಇವರೆಲ್ಲ ನಮಗಿಂತ ಹೆಚ್ಚು ಬಲ್ಲವರು. ಅವರು ಮಾಡುತ್ತಿರುವ ಕೆಲಸವನ್ನು ನಮ್ಮ ಹೆಸರಿನಲ್ಲಿ ಮತ್ತೊಮ್ಮೆ ಮಾಡುವ ಅಗತ್ಯವಿಲ್ಲ. ಅವರಲ್ಲಿ ಎಲ್ಲಿ ಕೈ ಸಾಲದೋ ಅಲ್ಲಿ ನಮ್ಮ ಕೈ ಸೇರಲಿ. ಮಾಡಿದವರ ಹೆಸರನ್ನು ಮಾತ್ರ ಮರೆಯದೆ ಹೇಳೋಣ. ಹಿಂದಿನ ಧರ್ಮಗುರುಗಳೋ ಹಿಂದಿನ ಮಂಡಳಿಯೋ ಆರಂಭಿಸಿದ್ದರೆ ಅದನ್ನು ವರದಿಯಲ್ಲಿ ಬರೆಯೋಣ. ಕೇರ್ದೂ ಅವರಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ಐದನೆಯದು, ಸೇವೆಗೆ ಷರತ್ತಿಲ್ಲ. ಪೂಜೆಗೆ ಬಂದರೆ ಅಕ್ಕಿ, ಪ್ರಾರ್ಥನೆಗೆ ಬಂದರೆ ಔಷಧ ಎಂಬ ಮಾತು ನಮ್ಮ ಬಾಯಲ್ಲಿ ಎಂದೂ ಬರಕೂಡದು. ಅದು ಬಡವನ ಮಾನಕ್ಕೂ ನಮ್ಮ ವಿಶ್ವಾಸಕ್ಕೂ ಅವಮಾನ. ಕೇಳಿದವರಿಗೆ ನಮ್ಮ ವಿಶ್ವಾಸವನ್ನು ಹೇಳಲು ನಾಚಿಕೆ ಬೇಡ, ಆದರೆ ಸಹಾಯವನ್ನು ಅದರ ಬೆಲೆಯಾಗಿಸುವುದು ಬೇಡ.

ಕೊನೆಯದು, ಲೆಕ್ಕ ಇಡುವ ಬಗೆ. ಎಷ್ಟು ಜನ ಬಂದರು ಎಂಬ ಒಂದೇ ಕಲಂ ಸಾಲದು. ಶಾಲೆ ಬಿಟ್ಟ ಎಷ್ಟು ಮಕ್ಕಳು ಮರಳಿ ಹೋದರು, ಎಷ್ಟು ಮನೆಗಳಿಗೆ ಎರಡನೇ ಸಲ ಹೋದೆವು, ಎಷ್ಟು ದೂರ ಸರಿದ ಕುಟುಂಬಗಳು ನಮ್ಮೊಡನೆ ಮಾತನಾಡಿದವು, ಕೈಗೊಂಡ ಕೆಲಸದಲ್ಲಿ ಯಾವುದು ಕೈಗೂಡಲಿಲ್ಲ ಎಂಬುದನ್ನೂ ಬರೆಯಬೇಕು. ಸೋತದ್ದನ್ನು ದ್ಯುಬುವಾ ಅವರಂತೆ ಮುಚ್ಚುಮರೆಯಿಲ್ಲದೆ ಬರೆಯೋಣ. ಆದರೆ ಅವರು ಎಣಿಸದೆ ಬಿಟ್ಟದ್ದನ್ನೂ ನಾವು ಎಣಿಸೋಣ.

ನಮ್ಮ ಪೂರ್ವಜರು ಸೆರೆಯಾಳುಗಳಾಗಿ ಹತ್ತಿದ ಘಟ್ಟವನ್ನು ನಾವಿಂದು ಬಸ್ಸಿನಲ್ಲಿ, ಕಾರಿನಲ್ಲಿ ಹತ್ತುತ್ತೇವೆ. ಆ ಸೀಮೆಯ ಕಾಫಿ ತೋಟಗಳಲ್ಲಿ ಕರಾವಳಿಯ ಎಷ್ಟೋ ಕುಟುಂಬಗಳು ಬದುಕು ಕಟ್ಟಿಕೊಂಡಿವೆ. ಅಲ್ಲಿನ ಚಿಕ್ಕ ಧರ್ಮಕೇಂದ್ರಗಳ ಕೈ ಬಲಪಡಿಸುವುದು ನಮ್ಮ ಋಣ. ಬರುವ ಫೆಬ್ರವರಿ 17ರಂದು ದೊಡ್ಡ ಸ್ವಾಮಿಯವರ ಆತ್ಮಶಾಂತಿಗಾಗಿ ಒಂದು ಪ್ರಾರ್ಥನೆ ಸಲ್ಲಿಸೋಣ. ಅದೇ ದಿನ ನಮ್ಮ ಪಾಲನಾ ಮಂಡಳಿಗಳು ಸೇರಿ, ಈ ವರ್ಷ ಯಾವ ಕಾರ್ಯಕ್ರಮ ಎಂದು ಕೇಳುವ ಮೊದಲು, ಈ ವರ್ಷ ಯಾರ ಮನೆಗೆ ಹೋಗಲಿದ್ದೇವೆ ಎಂದು ಕೇಳಿಕೊಳ್ಳ
ಲಿ ಎಂಬುದು ನಮ್ಮ ಹಾರೈಕೆ.